ವಾಚು ಕಚ್ಚುವ ತಾತ

“ಅಮ್ಮಾ, ಕೆಳಗಿನ ತಾತ ವಾಚನ್ನ ಯಾಕೆ ಕಚ್ತಾರೆ? ಹಸಿವಾಗುತ್ತಾ?”

ತಲೆ ಬಾಚಿಸಿಕೊಳ್ಳುತ್ತಾ ಮಗಳು ಕೇಳಿದಳು. ಚಿನ್ನವೋ ಅಲ್ಲವೋ ಅಂತ ನೋಡ್ತಾರೇನೋ ಎಂದು ಬಾಯಿಗೆ ಬಂದದ್ದು ಹೇಳಿ ಜಡೆ ಮುಗಿಸಿದೆ. ನಿಜವಾದ ಉತ್ತರ ಸಂಜೆ ಸಿಕ್ಕಿತು.

ಕೆಳಗಿನ ತಾತ ನಮ್ಮ ಮನೆಯ ಮಾಲೀಕರು. ಮೇಲೆ ನಾವು, ಕೆಳಗೆ ಅವರೂ ಅಜ್ಜಿಯೂ. ಬೀದಿಯ ಕಡೆಯ ಕೋಣೆ ಅವರ ವಾಚು ರಿಪೇರಿ ಅಂಗಡಿ. ಬಗ್ಗಿಸುವ ದೀಪ, ಒಂದು ಕಣ್ಣಿಗೆ ಮಸೂರ, ಬಿದ್ದ ಸ್ಕ್ರೂ ಕಳೆದುಹೋಗದಂತೆ ತೊಡೆಯ ಮೇಲೊಂದು ಬಿಳಿ ಬಟ್ಟೆ. ಕೆಲಸದ ಬಗ್ಗೆ ಕೊಂಚ ಜಂಬವೂ ಉಂಟು. ಬೇರೆಯವರು ಬಿಚ್ಚಿದ ವಾಚು ಬಂದರೆ, “ಯಾರು ಸುತ್ತಿಗೇಲಿ ಬಿಚ್ಚಿದ್ರು ಇದನ್ನ?” ಎಂದೇ ಶುರು.

ಸಂಜೆ ಅಂಗಡಿಯಲ್ಲಿ ಆಡುತ್ತಿದ್ದ ಮಗಳನ್ನು ಕರೆಯಲು ಇಳಿದಾಗ ಅಲ್ಲಿ ಒಬ್ಬ ನರ್ಸ್ ನಿಂತಿದ್ದರು. ಕೈ ಆಡಿದರೆ ತಾನೇ ಕೀ ತುಂಬಿಕೊಳ್ಳುವ ಹಳೆಯ ವಾಚು ಅವರದು. ಹೋದ ವಾರವಷ್ಟೇ ತಾತ ಸರ್ವಿಸ್ ಮಾಡಿದ್ದರು.

“ನಿಮಗೆ ಕೊಡುವಾಗ ವಾಚಾಗಿತ್ತು ತಾತ, ಈಗ ಗಿಲಕಿ ಆಗಿದೆ. ನಾಡಿ ನೋಡೋಕೆ ರೋಗಿ ಕೈ ಹಿಡಿದ್ರೆ ಅವ್ರು ನನ್ನ ಕೈ ನೋಡ್ತಾರೆ.”

ತಾತ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. “ಎಲ್ಲಿದೆಯಮ್ಮ ಸದ್ದು?”

ಮೆಟ್ಟಿಲ ಮೇಲಿದ್ದ ನನಗೇ ಕೇಳಿಸುತ್ತಿತ್ತು. ಒಳಬಾಗಿಲಿನಿಂದ ಅಜ್ಜಿ, “ಕಿವಿ ಹೋಯ್ತು, ಅಂಗಡಿ ಮುಚ್ಚಿ ಅಂತೀನಿ. ಅದೂ ಕೇಳ್ಸಲ್ಲ ಇವರಿಗೆ” ಎಂದರು. ನರ್ಸ್ ನಕ್ಕರು. ತಾತ ನಗಲಿಲ್ಲ. ವಾಚಿನ ಅಂಚನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ತಲೆಯನ್ನೇ ಮೆಲ್ಲಗೆ ಆಡಿಸಿದರು. ಕಿವಿಗೆ ಬಾರದ ಸದ್ದನ್ನು ಅವರು ದವಡೆಯಿಂದ ಕೇಳುತ್ತಿದ್ದರು.

“ಇದೆ” ಎಂದರು.

ಹಿಂದಿನ ಮುಚ್ಚಳ ತೆಗೆದು, ಕೀ ತುಂಬುವ ಅರ್ಧಚಂದ್ರದ ತಟ್ಟೆಯನ್ನು ಮುಟ್ಟಿ ನೋಡಿದರು. ಬಿಗಿಯಾಗಿತ್ತು. ಮುಚ್ಚಿ ಮತ್ತೆ ಕಚ್ಚಿದರು, ಸದ್ದು ಹೋಗಿರಲಿಲ್ಲ. ಆಮೇಲೆ ಕಚ್ಚಿಕೊಂಡೇ, ವಾಚಿನ ಪಕ್ಕದ ಕೀ ಗುಂಡಿಯನ್ನು ಉಗುರಿನಿಂದ ಅಲುಗದಂತೆ ಹಿಡಿದು ತಲೆ ಆಡಿಸಿದರು. ಸದ್ದು ನಿಂತಿತು. ಬಿಟ್ಟರೆ ಮತ್ತೆ ಬಂತು.

“ಒಳಗಿನ ಮಷೀನೇ ಡಬ್ಬೀಲಿ ಕುಣೀತಿದೆ. ಹಿಡಿದಿಡೋ ಸ್ಕ್ರೂ ನಾನೇ ಬಿಗಿ ಮಾಡಿಲ್ಲ.”

“ಯಾರೋ ಸುತ್ತಿಗೇಲಿ ಬಿಚ್ಚಿರ್ಬೇಕು” ಎಂದು ಅಜ್ಜಿ ಒಳಗೆ ಹೋದರು.

ಸ್ಕ್ರೂ ಬಿಗಿದ ವಾಚನ್ನು ನರ್ಸ್ ಅಲ್ಲಾಡಿಸಿ ನೋಡಿ, ಕೈಗೆ ಕಟ್ಟಿಕೊಂಡು ಹೊರಟರು. ತಾತ ತೊಡೆಯ ಬಟ್ಟೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

“ಅವತ್ತು ವಾಚು ಕೊಡುವಾಗ ಈ ನರ್ಸ್ ಹುಡುಗಿ ಎದುರಿಗೇ ನಿಂತಿದ್ಲು. ಗಿರಾಕಿ ಮುಂದೆ ಕಚ್ಚೋಕೆ ನಾಚಿಕೆ ಆಯ್ತಮ್ಮ. ಸುಮ್ನೆ ಕಿವಿಗಿಟ್ಟು ಕೊಟ್ಬಿಟ್ಟೆ.” ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇನ್ನೊಂದು ವಾಪಸ್ ಬಂದ್ರೆ ಅವಳು ಬೀಗ ಹಾಕಿಸ್ತಾಳೆ. ಹಾಕಿಸಿದ್ರೆ ನಾನು ಬೆಳಗಾದ್ರೆ ಎಲ್ಲಿ ಕೂತ್ಕೊಳ್ಳಲಿ, ಹೇಳು?”

ಮಗಳು ಆಗಲೇ ಅವರ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನನ್ನ ಮೂಗನ್ನು ಪರೀಕ್ಷಿಸುತ್ತಿದ್ದಳು.

“ಒಂದು ಉಪಕಾರ ಮಾಡ್ತೀಯಾ? ಸಂಜೆ ಇವಳನ್ನ ಕರೆಯೋಕೆ ಬರ್ತೀಯಲ್ಲ, ಆಗ ರೆಡಿಯಾದ ವಾಚುಗಳನ್ನ ಒಂದ್ಸಲ ನಿನ್ನ ಕಿವಿಗಿಟ್ಟು ಅಲ್ಲಾಡಿಸಿ ನೋಡು. ಸದ್ದಿದ್ರೆ ಗಿರಾಕಿ ಮುಂದೆ ಹೇಳ್ಬೇಡ. ‘ತಾತ, ನೀರು ಬೇಕಾ’ ಅಂತ ಕೇಳು, ನಂಗೆ ಅರ್ಥ ಆಗುತ್ತೆ. ಸ್ವಲ್ಪ ಜೋರಾಗೇ ಕೇಳಮ್ಮ.”