ಕಮಲಂ ತೆರೆದಿಟ್ಟ ಕಂಪ್ಯೂಟರ್
ನೀಲಗಿರಿಯ ಹುಬ್ಬತಲೈ ಹಳ್ಳಿಯ ಕಮಲಂ ಟೈಪಿಸ್ಟ್ ಕೆಲಸದಿಂದ ನಿವೃತ್ತಳಾದ ಮೇಲೆ, ಗುಜರಿಯಿಂದ ತಂದ ಓಬೀರಾಯನ ಕಾಲದ ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸುವುದರಲ್ಲೇ ಮುಳುಗಿದ್ದಾಳೆ. ಊಟಿಯ ಗುಜರಿಯಂಗಡಿಗಳಲ್ಲಿ ಅವಳು ಕೆದಕದ ಮೂಟೆಯಿಲ್ಲ. ಹಳೆಯ ಚಿಪ್ ಸಿಕ್ಕರೆ ಎಳೆಗೂಸಿನಂತೆ ಸೆರಗಿನಲ್ಲಿ ಸುತ್ತಿ ತರುತ್ತಾಳೆ. ಉಸಿರು ಬಿಗಿಹಿಡಿದು ಅದನ್ನು ಒತ್ತಿ ಕೂರಿಸುವಾಗ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. "ದೊಡ್ಡವ್ವ, ನನ್ನ ಫೋನಲ್ಲೇ ಇದರ ಲಕ್ಷಪಟ್ಟು ಮೆಮೊರಿ ಇದೆ," ಎಂದು ತಂಗಿಯ ಮಗ ಗಿರಿಧರನ್ ನಕ್ಕರೆ, "ಇರಲಿ, ಅದರೊಳಗೆ ನೀ ಕೈ ಹಾಕಿದ್ದೀಯಾ?" ಎನ್ನುತ್ತಾಳೆ. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಮೆಮೊರಿಯ ಅಂಕಿ ಏರುವಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡಕೂಡದು. ಕಂಪ್ಯೂಟರಿನ ಮುಚ್ಚಳವನ್ನು ಮಾತ್ರ ಎಂದೂ ಹಾಕುವುದಿಲ್ಲ. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಒಳಗೆ ಇಣುಕಲು ಹೋದವಳನ್ನು ಸಾಹೇಬರು ತಡೆದು, "ಬಿಚ್ಚೋದು ಗಂಡಸರ ಕೆಲಸ, ನೀನು ಧೂಳು ಒರೆಸು ಸಾಕು," ಎಂದಿದ್ದರು. ಈಗ ಯಾರಾದರೂ ಮುಚ್ಚಳ ಎತ್ತಿಕೊಟ್ಟರೆ ಕಮಲಂ ಪಕ್ಕಕ್ಕೆ ತಳ್ಳುತ್ತಾಳೆ: "ಧೂಳು ಬಿದ್ದರೆ ಬೀಳಲಿ."