ತಡೆದು ಬರುವ ಉತ್ತರ

ಕೋಲಾರದ ಚಿನ್ನದ ಗಣಿ ಮುಚ್ಚಿದ ವರ್ಷ ಏಳುಮಲೈ ಹೆಂಡತಿ ಮರಗದಂ ಜೊತೆ ಹಲಸೂರಿನ ಒಂದು ಬಾಡಿಗೆ ಕೋಣೆಗೆ ಬಂದ. ನೆಲದಡಿ ದುಡಿದವನಿಗೆ ಒಂದು ಅಭ್ಯಾಸವಿತ್ತು. ಯಾರೇ ಕೂಗಲಿ, ಮೊದಲು ಬಂಡೆಯ ಸದ್ದಿಗೆ ಕಿವಿಗೊಟ್ಟು ಆಮೇಲಷ್ಟೇ ಉತ್ತರಿಸುವುದು. ಗಣಿಯಲ್ಲಿ ಅದು ಅವನ ಜೀವ ಉಳಿಸಿತ್ತು. ಆದರೆ ಹೆಸರು ಕೇಳಿದರೂ ತಡೆದು ಹೇಳುವವನನ್ನು ಇಂದಿರಾನಗರದ ಯಾವ ಸೆಕ್ಯುರಿಟಿ ಕಂಪನಿ ಕಾವಲಿಗೆ ನಿಲ್ಲಿಸುತ್ತದೆ? ಆಳದಲ್ಲಿ ಒಳ್ಳೆಯ ಆಳು, ಮೇಲೆ ಬಂದರೆ ಯಾರಿಗೂ ಬೇಡದ ಆಳು.

ಗಣಿಗೆ ಎಂದೂ ಇಳಿಯದ ಬಾಯಿಬಡುಕ ಬಾಮೈದ ರಾಜಾಮಣಿಗೆ ನಗರಕ್ಕೆ ಬಂದ ವಾರವೇ ಕೆಲಸ ಸಿಕ್ಕಿತ್ತು. “ಬಾವಾ, ಏನು ಕೇಳಿದ್ರೂ ಥಟ್ ಅಂತ ಯೆಸ್ ಸಾರ್ ಅಂದ್ಬಿಡಿ. ಇದೇನು ಸುರಂಗಾನಾ, ತಲೆ ಮೇಲೆ ಬಂಡೆ ಬೀಳೋಕೆ?” ಎಂದು ಅವನು ಪಾಠ ಹೇಳಿದ.

ಮುಂದಿನ ಇಂಟರ್‌ವ್ಯೂನಲ್ಲಿ ಏಳುಮಲೈ ಹಾಗೇ ಮಾಡಿದ.

“ಗೇಟ್ ಡ್ಯೂಟಿ ಮಾಡ್ತೀಯಾ?”

“ಯೆಸ್ ಸಾರ್!”

ಮ್ಯಾನೇಜರನ ಮುಖ ಅರಳಿತು. “ಡ್ಯೂಟೀಲಿ ಕುಡೀತೀಯಾ?”

“ಯೆಸ್ ಸಾರ್!”

ಮನೆಗೆ ಬಂದಾಗ ಮರಗದಂ, “ಏನಾಯ್ತು?” ಎಂದಳು. ಅವನು ಎಂದಿನಂತೆ ಸುಮ್ಮನೆ ನಿಂತ. ಅವಳು ಉತ್ತರಕ್ಕೆ ಕಾಯಲಿಲ್ಲ. ಅನ್ನಕ್ಕೆಂದು ತೆಗೆದಿಟ್ಟಿದ್ದ ಅಕ್ಕಿಯಲ್ಲಿ ಅರ್ಧವನ್ನು ಮತ್ತೆ ಡಬ್ಬಿಗೆ ಸುರಿದಳು.