ಹುಳದ ಮನೆ, ಯೀಸ್ಟಿನ ಕೋಣೆ

ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೆ ಅಮ್ಮ ಒಂದು ಮಾತು ಬೈದು ಸುಮ್ಮನಾದಾಳು. ಹುಳದ ಮನೆಗೆ ಹೋದರೆ ಸುಮ್ಮನಾಗುವವಳಲ್ಲ. ಸುಗಟೂರಿನ ಪಕ್ಕದ ಊರು ನಮ್ಮದು. ಹಿತ್ತಲಿನಲ್ಲಿ ರೇಷ್ಮೆ ಹುಳ ಸಾಕುವ ಉದ್ದನೆಯ ಶೆಡ್ಡು, ಅದರ ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿದ ಗೋಣಿಚೀಲ. ಅದರ ಮೇಲೆ ಕಾಲಿಟ್ಟು, ಕೈ ತೊಳೆದು, ಆಮೇಲೆ ಒಳಗೆ. ಹುಳ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಬಳಿಯುವಂತಿಲ್ಲ. ನೆಂಟರು ಬಂದರೆ ಕಾಫಿ ಜಗಲಿಯಲ್ಲೇ.

ಬೆಂಗಳೂರಿನ ಲ್ಯಾಬಿಗೆ ಸಂಶೋಧನೆಗೆಂದು ಸೇರಿದ ದಿನ, ಕೋಟು ಹಾಕು, ಸ್ಪಿರಿಟ್ಟಿನಲ್ಲಿ ಕೈ ಒರೆಸು, ಜೀವಾಣು ಬೆಳೆಸುವ ಪ್ಲೇಟಿನ ಮೇಲೆ ಬಾಗಿ ಮಾತಾಡಬೇಡ ಎಂದು ಹೇಳಿಸಿಕೊಂಡು ಜೊತೆಯವರು ಗೊಣಗುತ್ತಿದ್ದರೆ ನನಗೆ ಮನೆಗೆ ಬಂದ ಹಾಗಾಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಕೋಲಾರದ ಕಾಲೇಜಿಗೆ ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಹೋಗಿ ಓದಿದವಳು. ಇಂಗ್ಲಿಷಿನಲ್ಲಿ ತಡವರಿಸಿದರೂ ಕೆಲಸದ ಚೊಕ್ಕತನದಲ್ಲಿ ನಾನು ಅಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಅಲ್ಲಿ ನಾನು ಸಾಕುವುದು ಯೀಸ್ಟು. ಬೇಕರಿಯವರು ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟು. ಅದು ತಡೆಯಲಾರದ ಬಿಸಿಯಲ್ಲಿಟ್ಟು, ದಿನವೂ ಹಳೆಯದರಿಂದ ಒಂದು ತೊಟ್ಟು ತೆಗೆದು ಹೊಸ ದ್ರಾವಣಕ್ಕೆ ಬಿಡುತ್ತಾ ತಿಂಗಳುಗಟ್ಟಲೆ ನಡೆಸಬೇಕು. ಬಹಳಷ್ಟು ಸಾಯುತ್ತವೆ. ಬದುಕಿದವುಗಳನ್ನು ಪರೀಕ್ಷಿಸಿದರೆ, ಕೆಲವುಗಳಲ್ಲಿ ಹದಿನಾರು ಇರಬೇಕಾದ ವರ್ಣತಂತು ಹದಿನೇಳಾಗಿರುತ್ತದೆ. ಹೀಗೆ ಒಂದು ಹೆಚ್ಚಾದದ್ದು ಬಿಸಿಯನ್ನು ತಡೆದುಕೊಳ್ಳುತ್ತದೆ. ಆದರೆ ತಂಪಿಗೆ ತಂದರೆ ಸೊರಗಿದ ಹಾಗೆ ನಿಧಾನವಾಗಿ ಬೆಳೆಯುತ್ತದೆ, ಬರುಬರುತ್ತಾ ಆ ಹೆಚ್ಚಿನದನ್ನು ಕಳೆದುಕೊಳ್ಳಲೂಬಹುದು. ಅದು ಯಾವಾಗ, ಹೇಗೆ ಎನ್ನುವುದೇ ನನ್ನ ಪ್ರಶ್ನೆ.

ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದ್ದೆ. ವರ್ಣತಂತು ಅಂದರೆ ಹೆತ್ತವರಿಂದ ಬರುವ ಗುಣಗಳನ್ನು ಸುತ್ತಿಟ್ಟ ದಾರ ಎಂದೆ. ದಾರ ಅಂದ ಕೂಡಲೇ ಅವಳಿಗೆ ನನ್ನ ಕೆಲಸದ ಮೇಲೆ ಸ್ವಲ್ಪ ಗೌರವ ಬಂತು. ಒಂದು ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವಾ ಎಂದು ಕೇಳಿದಳು. ಸುಮ್ಮನಿರುವ ದಿನ ಭಾರ, ಕಷ್ಟದ ದಿನ ಮಾತ್ರ ಉಪಯೋಗ ಎಂದೆ.

"ನಿನ್ ಥರ ಅನ್ನು," ಎಂದಳು. "ದಿನಾ ಇದ್ರೆ ಒಂದು ಮುದ್ದೆ ಜಾಸ್ತಿ ಕಟ್ಬೇಕು. ಹುಳ ಹಣ್ಣಾದ್ ದಿನ ಮಾತ್ರ ಬೇಕೇ ಬೇಕು."

ಹುಳ ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಯಾರಾಗುವುದು. ಆಗ ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಬೆಳೆ ಕೆಟ್ಟಿತು. ಆ ದಿನಕ್ಕೆ ನಾನು ತಪ್ಪದೆ ಊರಿಗೆ ಬರುತ್ತಿದ್ದೆ.

ಹೀಗಿರುವಾಗ ನನ್ನ ಯೀಸ್ಟಿಗೆ ಬೂಷ್ಟು ಬಿತ್ತು. ನಡುವೆ ಕಪ್ಪು, ಅಂಚಿಗೆ ಬಿಳಿಯ ಜೂಲು. ಫ್ರೀಜರಿನಲ್ಲಿ ಎತ್ತಿಟ್ಟಿದ್ದನ್ನು ತೆಗೆದು ಮತ್ತೆ ಶುರು ಮಾಡಿದೆ. ತಿಂಗಳುಗಳು ಕಳೆದ ಮೇಲೆ ಅದೇ ಕಪ್ಪು ಮತ್ತೆ ಬಂತು. ಗೈಡ್ ಮೇಡಂ ಎಲ್ಲರನ್ನೂ ಕೂರಿಸಿಕೊಂಡು, ಹೊಲ, ಸೊಪ್ಪು, ಮಣ್ಣಿನ ನಡುವಿನಿಂದ ಬರುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಎಲ್ಲರ ತಲೆ ನನ್ನ ಕಡೆ ತಿರುಗಿತು. ಮೂರನೇ ಸಲ ಶುರು ಮಾಡು, ಅದೂ ಕೆಟ್ಟರೆ ಈ ವಿಷಯ ಕೈಬಿಟ್ಟು ಬೇರೆ ತೆಗೆದುಕೊಳ್ಳೋಣ, ಅಲ್ಲಿಯವರೆಗೆ ಊರಿಗೆ ಹೋಗುವುದು ಬೇಡ ಎಂದರು. ಅವರು ದನಿ ಎತ್ತಲಿಲ್ಲ. ಆದರೂ ನಮ್ಮ ಮನೆಯೇ ಕೊಳಕು ಎಂದ ಹಾಗೆ ನನ್ನ ಕಿವಿ ಬಿಸಿಯಾಯಿತು.

ಅಮ್ಮ ನೊಂದುಕೊಳ್ಳುತ್ತಾಳೆ ಎಂದುಕೊಂಡು ಅಳುಕುತ್ತಾ ಫೋನು ಮಾಡಿದೆ. ಅವಳು ಮೇಡಮ್ಮಿನ ಪಕ್ಷ. ಸರಿಯಾಗೇ ಹೇಳಿದ್ದಾರೆ ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊಸ ಹುಳ ತಂದಾಗಿದೆ, ನಿನ್ನ ಬೂಷ್ಟು ನಮ್ಮ ಹುಳಕ್ಕೆ ಹತ್ತಿದರೆ ಯಾರು ಗತಿ, ನೀನು ಬಂದರೂ ನಾನು ಸೇರಿಸುವುದಿಲ್ಲ ಎಂದಳು.

ಆದರೆ ಭಾನುವಾರ ಬೆಳಿಗ್ಗೆ ಕೋಲಾರದ ಬಸ್ ಸ್ಟ್ಯಾಂಡಿಗೆ ಬಾ ಎಂದು ಕರೆದವಳೂ ಅವಳೇ. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದಿದ್ದಳು. ನಾನೂ ಹಾಗೇ ಬಂದಿದ್ದೆ. ಅವಳು ಊಟದ ಕ್ಯಾರಿಯರನ್ನು ಕಲ್ಲುಬೆಂಚಿನ ಮೇಲಿಟ್ಟು ಹಿಂದಕ್ಕೆ ಸರಿದಳು. ನಾನು ಹೋಗಿ ತೆಗೆದುಕೊಂಡೆ. ಬೆಂಚಿನ ಎರಡು ತುದಿಯಲ್ಲಿ ಕೂತು ಮಾತಾಡುತ್ತಿದ್ದ ನಮ್ಮನ್ನು ನೋಡಿ ಬಾಳೆಹಣ್ಣು ಮಾರುವಾಕೆ, ಅತ್ತೆ ಸೊಸೆಯರಾ ಎಂದು ಕೇಳಿದಳು.

"ಮಗ್ಳೇ ಕಣಮ್ಮ," ಎಂದಳು ಅಮ್ಮ. "ಇಬ್ರ ಹತ್ರಾನೂ ಸಾಕೋ ಜೀವ ಅವೆ. ಅದಕ್ಕೇ ಇಷ್ಟು ದೂರ."

ಬೂಷ್ಟು ನಿಜವಾಗಿಯೂ ನಮ್ಮ ಮನೆಯದೇನಾ ಎಂದು ನೋಡಿಯೇ ಬಿಡಬೇಕು ಅನ್ನಿಸಿತ್ತು. ಯೀಸ್ಟಿನ ಮೇವು ಮಾತ್ರ ಹಾಕಿದ ಖಾಲಿ ಪ್ಲೇಟೊಂದನ್ನು ತಂದಿದ್ದೆ. ಹುಳದ ಮನೆಯಲ್ಲಿ ಇದರ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಇಟ್ಟು, ಮುಚ್ಚಿ, ಅಂಟುಪಟ್ಟಿ ಸುತ್ತಿಡು, ಗಾಳಿಯಲ್ಲಿ ಏನಿದೆಯೋ ಅದು ಇದರಲ್ಲಿ ಬೆಳೆಯುತ್ತದೆ ಎಂದೆ. ಅವಳು ಆ ಪ್ಲೇಟನ್ನು ಸೆರಗಿನಲ್ಲಿ ಹಿಡಿದು ತೆಗೆದುಕೊಂಡಳು.

ಮುಂದಿನ ಭಾನುವಾರ ತಂದ ಪ್ಲೇಟು ಗಾಜಿನ ಹಾಗೆ ಚೊಕ್ಕ. ಒಂದು ಚುಕ್ಕೆಯೂ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಮೂಗಿಗೆ ವಾಸನೆ ಬಂತು. ಮುಚ್ಚಳ ತೆಗೆದು, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಆಮೇಲೆ ಒಳಗೆ ಒಯ್ದಿದ್ದಳು.

"ಮತ್ತೆ ತೊಳೀದೆ ಹೆಂಗೇ ಒಳಗ್ ತಗೊಂಡ್ ಹೋಗ್ಲಿ?"

ನಾನು ನಕ್ಕ ರಭಸಕ್ಕೆ ಬಾಳೆಹಣ್ಣಿನಾಕೆಯೂ ನಕ್ಕಳು. ಇನ್ನೊಂದು ಪ್ಲೇಟು ಕೊಟ್ಟು, ಇದನ್ನು ತೊಳೆಯಬೇಡ ಎಂದು ಬೇಡಿಕೊಂಡೆ. ಅಮ್ಮನ ಮುಖದಿಂದ ನಗು ಹೋಯಿತು. ಹುಳ ಕೊನೆಯ ಸಲ ಪೊರೆ ಬಿಟ್ಟು ಮೈ ತುಂಬಿಕೊಳ್ಳುವ ವಾರ ಅದು. ಆಗ ಸುಣ್ಣಕಟ್ಟು ರೋಗದ ಬೂಷ್ಟು ಹತ್ತಿದರೆ ಶೆಡ್ಡಿನ ತುಂಬ ಸುಣ್ಣದ ಕಡ್ಡಿಗಳಂಥ ಸತ್ತ ಹುಳ. ಅವಳಿಗೆ ವಿಜ್ಞಾನ ಬೇಕಿರಲಿಲ್ಲ, ನನ್ನ ಮಾತೊಂದು ಬೇಕಿತ್ತು.

"ಇದ್ರಲ್ಲಿ ಏನೂ ಇಲ್ಲ ಅಂತ ನೀನು ಹೇಳ್ತೀಯಾ?"

"ನಾನೇ ಮಾಡಿರೋದಮ್ಮ. ಏನೂ ಇಲ್ಲ."

ತೊಳೆಯದ ವಸ್ತುವನ್ನು ಅಮ್ಮ ಆ ಬಾಗಿಲು ದಾಟಿಸಿದ್ದು ಅದೇ ಮೊದಲು. ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ಅದು ದೊಡ್ಡದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅದೇ ವಾರ ಲ್ಯಾಬಿನ ಮೂಲೆಮೂಲೆಯಲ್ಲೂ ಹಾಗೇ ಪ್ಲೇಟು ತೆರೆದಿಟ್ಟೆ. ಅದರ ಮುಂದಿನ ಭಾನುವಾರ ಅಮ್ಮ ತಂದದ್ದರಲ್ಲಿ ಹಸಿರು ಬೂಷ್ಟು ಇತ್ತು, ಬಿಳಿ ಚುಕ್ಕೆ ಇತ್ತು, ಕಪ್ಪು ಇರಲಿಲ್ಲ. ಲ್ಯಾಬಿನಲ್ಲಿ ಏಸಿಯ ಕೆಳಗಿಟ್ಟಿದ್ದರ ತುಂಬ ಕಪ್ಪು, ಅಂಚಿಗೆ ಬಿಳಿಯ ಜೂಲು. ಎರಡರ ಫೋಟೋವನ್ನೂ ಮೇಡಂ ಮುಂದಿಟ್ಟೆ. ಏಸಿ ಬಿಚ್ಚಿಸಿದರೆ ಒಳಗಿನ ದೂಳೆಲ್ಲ ಅದೇ. ಮೇಡಂ ಎಲ್ಲರನ್ನೂ ಮತ್ತೆ ಕೂರಿಸಿಕೊಂಡು, ಅಂದು ನನ್ನ ಕಡೆ ಬೊಟ್ಟು ಮಾಡಿದ್ದು ತಪ್ಪಾಯಿತು ಎಂದರು. ಅಷ್ಟು ದಿನ ನಾನು ಕಾದಿಟ್ಟ ಮೂರನೇ ಸಲದ ಯೀಸ್ಟು ಇನ್ನೂ ಕೆಟ್ಟಿರಲಿಲ್ಲ. ಅದನ್ನು ಬೇರೆ ಕೋಣೆಗೆ ಸಾಗಿಸಿ, ವಿಷಯ ನಿನ್ನದೇ, ಮುಂದುವರಿಸು ಎಂದರು. ಮುಂದೆ ಅದರಲ್ಲಿ ಹದಿನೇಳು ಸಿಕ್ಕಿತು.

ಮೇಡಂ ತಪ್ಪೊಪ್ಪಿಕೊಂಡ ದಿನವೇ ಸಂಜೆ ಅಮ್ಮನಿಗೆ ಫೋನು ಮಾಡಿ, ಬೂಷ್ಟು ನಮ್ಮದಲ್ಲವಂತೆ ಎಂದೆ. ನನಗೆ ಅಳು ಬರುವ ಹಾಗಿತ್ತು. ಅವಳ ತವರು ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನ ಕಡೆ, ಅವಸರ ಬಂದರೆ ತೆಲುಗು.

"ತೊಂದರಗಾ ರಾವೇ. ಹುಳ ಹಣ್ಣಾಗ್ತಾ ಅವೆ, ಕೈ ಸಾಲ್ದು."

ಬೇಗ ಬಾ ಎಂದಳು, ಅಷ್ಟೇ. ಯೀಸ್ಟನ್ನು ಜೊತೆಯವಳೊಬ್ಬಳಿಗೆ ಒಪ್ಪಿಸಿ ಬೆಳಗಿನ ಮೊದಲ ಬಸ್ಸು ಹತ್ತಿದೆ. ಹಿತ್ತಲಿಗೆ ಬಂದಾಗ ಅಮ್ಮ ಎರಡೂ ಕೈ ತುಂಬ ಹಳದಿ ಹುಳ ಹಿಡಿದು ಬಾಗಿಲಲ್ಲೇ ಇದ್ದಳು. ನಾನು ಓಡಿ ಒಳಗೆ ಹೆಜ್ಜೆ ಇಡುವಷ್ಟರಲ್ಲಿ ಮೊಣಕೈ ಅಡ್ಡ ಹಿಡಿದಳು.

"ಅಲ್ಲಿ ತಪ್ಪಿಲ್ಲ ಅಂದ್ರೆ ಇಲ್ಲಿ ಬಿಟ್ಬಿಡ್ತೀನಾ? ಗೋಣಿ ಮೇಲೆ ಕಾಲಿಡೇ."

ಇಟ್ಟೆ. ತಣ್ಣಗಿತ್ತು. ಕೈ ತೊಳೆದು ಬೊಗಸೆ ಒಡ್ಡಿದೆ, ಅರ್ಧ ಹುಳ ನನ್ನ ಕೈಗೆ ಸುರಿದಳು.